ಸೌದೆ ಒಡೆದ ರಬ್ಬಿ: ಶ್ನೆಯೂರ್ ಜಲ್ಮನ್ ಅವರ ಶಾಸ್ತ್ರ, ಅವರ ಭಕ್ತಿ

ಪ್ರಶ್ನೆ: 2008ರ ಮುಂಬೈ ದಾಳಿಯ ಬಗ್ಗೆ ಓದುತ್ತಿದ್ದಾಗ, ನಾರಿಮನ್ ಹೌಸ್ ನಡೆಸುತ್ತಿದ್ದವರು ಚಬಾದ್ ಎಂಬ ಯಹೂದಿ ಪಂಥದವರು ಅಂತ ತಿಳಿಯಿತು. ಆ ಪಂಥವನ್ನು ಶುರು ಮಾಡಿದ ರಬ್ಬಿ (ಯಹೂದಿ ಧರ್ಮಗುರು) ಶ್ನೆಯೂರ್ ಜಲ್ಮನ್ ಹಸೀದಿ ಗುರುವೂ ಹೌದು, ದೊಡ್ಡ ಧರ್ಮಶಾಸ್ತ್ರಜ್ಞರೂ ಹೌದು ಅಂತ ಬರೆದಿತ್ತು. ಹಸೀದಿಗಳು ಅಂದರೆ ಹಾಡು, ಕುಣಿತ, ಭಕ್ತಿಯವರು, ಶಾಸ್ತ್ರದವರ ಜೊತೆ ಜಗಳ ಆಡಿದವರು ಅಂತ ಕೇಳಿದ್ದೆ. ಹಾಗಿದ್ದರೆ ಒಬ್ಬರೇ ಎರಡೂ ಆದದ್ದು ಹೇಗೆ? ಅವರ ಪ್ರಭಾವ ಈಗಲೂ ಇದೆಯಾ?

ಉತ್ತರ: ಒಂದು ಕಥೆಯಿಂದ ಶುರು ಮಾಡುತ್ತೇನೆ. ಚಬಾದ್ ಮನೆಗಳಲ್ಲಿ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಕಥೆ ಇದು.

ಯೋಮ್ ಕಿಪ್ಪುರ್ ದಿನ. ಯಹೂದಿಗಳಿಗೆ ವರ್ಷಕ್ಕೆಲ್ಲ ದೊಡ್ಡ ದಿನ. ಅನ್ನವಿಲ್ಲ, ನೀರಿಲ್ಲ. ಕೆಲಸ ಮಾಡುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ. ಮಂದಿರದಲ್ಲಿ ಜನ ಕಿಕ್ಕಿರಿದು ತುಂಬಿದ್ದಾರೆ. ಪ್ರಾರ್ಥನೆಯ ನಡುವೆಯೇ ರಬ್ಬಿ ಶ್ನೆಯೂರ್ ಜಲ್ಮನ್ ಮೈಮೇಲಿನ ಶಾಲು ತೆಗೆದಿಟ್ಟು ಹೊರಗೆ ನಡೆದುಬಿಟ್ಟರು. ಊರಿನ ಅಂಚಿನಲ್ಲಿ ಒಂದು ಮನೆ. ಒಳಗೆ ಆಗಷ್ಟೇ ಹೆತ್ತ ಬಾಣಂತಿ ಒಬ್ಬಳೇ ಮಲಗಿದ್ದಳು, ಮನೆಯವರೆಲ್ಲ ಪ್ರಾರ್ಥನೆಗೆ ಹೋಗಿದ್ದರು. ರಬ್ಬಿ ಸೌದೆ ಒಡೆದರು. ಒಲೆ ಹೊತ್ತಿಸಿದರು. ಬಿಸಿ ಸಾರು ಮಾಡಿ ಆಕೆಗೆ ಕುಡಿಸಿದರು.

ಇದನ್ನು ಕೇಳಿದವರು ಸಾಮಾನ್ಯವಾಗಿ ಏನು ಹೇಳುತ್ತಾರೆ? "ನೋಡಿ, ಕರುಣೆಯ ಮುಂದೆ ಶಾಸ್ತ್ರವನ್ನೇ ಬದಿಗಿಟ್ಟರು" ಅನ್ನುತ್ತಾರೆ. ನಿಮ್ಮ ಪ್ರಶ್ನೆಯ ಹಿಂದೆ ಇರುವುದೂ ಇದೇ ಎಣಿಕೆ ಅಲ್ವಾ? ಭಕ್ತಿ ಒಂದು ಕಡೆ, ಶಾಸ್ತ್ರ ಇನ್ನೊಂದು ಕಡೆ ಅಂತ.

ಆದರೆ ಯಹೂದಿ ಶಾಸ್ತ್ರ ಬಲ್ಲವರು ಈ ಕಥೆಯನ್ನು ಬೇರೆ ಥರ ಓದುತ್ತಾರೆ. ಹೆರಿಗೆಯಾದ ಮೊದಲ ಮೂರು ದಿನ ಬಾಣಂತಿಯ ಜೀವ ಅಪಾಯದಲ್ಲಿದೆ ಎಂದೇ ಶಾಸ್ತ್ರ ಲೆಕ್ಕ ಹಾಕುತ್ತದೆ. ಅವಳು ಕೇಳಲಿ ಬಿಡಲಿ, ಅವಳಿಗಾಗಿ ಪವಿತ್ರ ದಿನದ ಕಟ್ಟನ್ನು ಮುರಿಯಬೇಕು. ಕಡು ಬೇಸಿಗೆಯಾದರೂ ಅವಳಿಗೆ ಬೆಂಕಿ ಹಾಕಿಕೊಡಬೇಕು ಅಂತ ಬಿಡಿಸಿ ಬರೆದಿದೆ. ಇನ್ನೂ ಒಂದು ಮಾತಿದೆ. ಜೀವ ಉಳಿಸುವ ಇಂಥ ಕೆಲಸವನ್ನು ಮಕ್ಕಳಿಗೋ, ಯಹೂದಿಗಳಲ್ಲದ ಆಳುಗಳಿಗೋ ಹೇಳಿ ಕೈ ತೊಳೆದುಕೊಳ್ಳಬಾರದು, ಸಮುದಾಯದ ದೊಡ್ಡವರೇ ಮಾಡಬೇಕು ಅನ್ನುತ್ತದೆ ಯಹೂದಿ ಶಾಸ್ತ್ರದ ಮೂಲಗ್ರಂಥವಾದ ತಾಲ್ಮುಡ್. ಹಾಗೆ ನೋಡಿದರೆ ಅವತ್ತು ಊರಲ್ಲಿ ಶಾಸ್ತ್ರವನ್ನು ಅಕ್ಷರಕ್ಕೆ ಅಕ್ಷರ ನಡೆಸಿದವರು ಸೌದೆ ಒಡೆದ ರಬ್ಬಿಯೇ. ಕರುಣೆ ಮತ್ತು ಕಾನೂನು ಅಲ್ಲಿ ಎರಡಾಗಿ ಇರಲೇ ಇಲ್ಲ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಅವರು ಹುಟ್ಟಿದ್ದು 1745ರಲ್ಲಿ, ಲಿಯೋಜ್ನಾ ಎಂಬ ಸಣ್ಣ ಊರಿನಲ್ಲಿ. ಈಗ ಅದು ಬೆಲಾರೂಸ್‌ನಲ್ಲಿದೆ. ಆಗ ಪೋಲೆಂಡ್ ಮತ್ತು ಲಿಥುವೇನಿಯಾದ ಕೂಡು ರಾಜ್ಯಕ್ಕೆ ಸೇರಿತ್ತು, 1772ರಲ್ಲಿ ರಷ್ಯಾದ ಪಾಲಾಯಿತು. ಹುಡುಗ ಓದಿನಲ್ಲಿ ಬಹಳ ಚುರುಕು. ಹದಿಹರೆಯದಲ್ಲೇ ಮದುವೆ, ಹೆಂಡತಿ ಸ್ಟೆರ್ನಾ. ಮಾವನ ಊರು ವಿಟೆಬ್ಸ್ಕ್. ಅಲ್ಲಿ ಕೂತು ಓದಿಕೊಂಡಿದ್ದರೆ ಒಳ್ಳೆಯ ಊರಿನ ರಬ್ಬಿ ಆಗಿ ಬಾಳು ಸಾಗುತ್ತಿತ್ತು. ಆದರೆ ಇಪ್ಪತ್ತರ ಆಸುಪಾಸಿನಲ್ಲಿ ಅವರಿಗೆ ಒಂದು ಚಡಪಡಿಕೆ ಶುರುವಾಯಿತು.

ಆ ಕಾಲಕ್ಕೆ ಅವರ ಮುಂದೆ ಎರಡು ದಾರಿ ಇದ್ದವು. ಒಂದು ವಿಲ್ನಾ. ಅಲ್ಲಿ ತಾಲ್ಮುಡ್ ವಿದ್ವತ್ತಿನ ಶಿಖರ ಎನಿಸಿಕೊಂಡ ಎಲಿಯಾಹು ಇದ್ದರು, ಜನ ಅವರನ್ನು 'ಗಾವೋನ್', ಅಂದರೆ ಮಹಾಪಂಡಿತ, ಅನ್ನುತ್ತಿದ್ದರು. ಇನ್ನೊಂದು ಮೆಜೆರಿಚ್. ಅಲ್ಲಿ ದೋವ್ ಬೇರ್ ಇದ್ದರು, ಜನ ಅವರನ್ನು 'ಮಗ್ಗಿದ್', ಅಂದರೆ ಉಪದೇಶಕ, ಅಂತ ಕರೆಯುತ್ತಿದ್ದರು. 1760ರಲ್ಲಿ ತೀರಿಕೊಂಡ ಬಾಲ್ ಶೆಮ್ ತೋವ್ ಹಚ್ಚಿದ ಹಸೀದಿ ದೀಪವನ್ನು ಮುಂದಕ್ಕೆ ಒಯ್ದವರು ಈ ಮಗ್ಗಿದ್. ದೇವರು ಪಂಡಿತನಿಗೆ ಮಾತ್ರ ಸಿಗುವವನಲ್ಲ, ಮನಸ್ಸಿಟ್ಟು ಪ್ರಾರ್ಥಿಸುವ ಗಾಡಿ ಹೊಡೆಯುವವನಿಗೂ ಅಷ್ಟೇ ಹತ್ತಿರ ಅನ್ನುವುದು ಆ ಪಂಥದ ತಿರುಳು. ಪರಂಪರೆ ಹೇಳುವ ಪ್ರಕಾರ ಶ್ನೆಯೂರ್ ಜಲ್ಮನ್ ಹೀಗೆ ಯೋಚಿಸಿದರು: ಓದುವುದು ಹೇಗೆ ಅಂತ ನನಗೆ ಅಷ್ಟಿಷ್ಟು ಗೊತ್ತಿದೆ. ಪ್ರಾರ್ಥಿಸುವುದು ಹೇಗೆ ಅಂತ ಗೊತ್ತಿಲ್ಲ. ಹಾಗಾಗಿ ಮೆಜೆರಿಚ್‌ಗೆ ಹೋದರು.

ಅಲ್ಲಿ ಆದದ್ದು ಮಾತ್ರ ಬೇರೆ. ಪ್ರಾರ್ಥನೆ ಕಲಿಯಲು ಬಂದ ಹುಡುಗನಿಗೆ ಮಗ್ಗಿದ್ ಒಪ್ಪಿಸಿದ ಕೆಲಸ ಯಾವುದು ಗೊತ್ತಾ? ಧರ್ಮಶಾಸ್ತ್ರದ ಹೊಸ ಗ್ರಂಥ ಬರೆಯುವುದು! ಶಿಷ್ಯರಲ್ಲೆಲ್ಲ ಚಿಕ್ಕವರಾದ ಇವರಿಗೆ ಆಗ ಸುಮಾರು 25 ವಯಸ್ಸು.

ಯಾಕೆ ಹೊಸದು ಬೇಕಾಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅವರ ಶಾಸ್ತ್ರಜ್ಞತನ ಇರುವುದೇ ಇಲ್ಲಿ. ಯಹೂದಿ ನಡವಳಿಕೆಯ ಮುಖ್ಯ ಕೈಪಿಡಿ 'ಶುಲ್ಹಾನ್ ಅರೂಖ್'. ಸಫೇದ್ ಊರಿನ ಯೋಸೆಫ್ ಕಾರೋ ಬರೆದದ್ದು, 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಹೆಸರಿನ ಅರ್ಥ 'ಅಣಿಮಾಡಿದ ಮೇಜು'. ನಮ್ಮ ಮಾತಿನಲ್ಲಿ ಎಲೆ ಹಾಕಿ ಬಡಿಸಿಟ್ಟ ಹಾಗೆ. ಕ್ರಾಕೋದ ಮೋಶೆ ಇಸ್ಸರ್ಲೆಸ್ ಅದಕ್ಕೆ ಪೋಲೆಂಡ್ ಕಡೆಯ ರೂಢಿಗಳನ್ನು ಸೇರಿಸಿದರು. ಆಮೇಲೆ 200 ವರ್ಷ ವ್ಯಾಖ್ಯಾನದ ಮೇಲೆ ವ್ಯಾಖ್ಯಾನ ಬೆಳೆಯಿತು. ಒಂದು ಪುಟ ತೆಗೆದರೆ ನಡುವೆ ನಾಲ್ಕು ಸಾಲು ಮೂಲ, ಸುತ್ತಲೂ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಬ್ಬರನ್ನೊಬ್ಬರು ಖಂಡಿಸುವ ಟಿಪ್ಪಣಿಗಳು. ಬಡಿಸಿದ್ದೇನೋ ಕಾಣುತ್ತಿತ್ತು, ಅಡುಗೆ ಹೇಗಾಯಿತು ಅನ್ನುವುದು ಕಾಣುತ್ತಿರಲಿಲ್ಲ. "ಹೀಗೆ ಮಾಡು" ಅಂತ ಇದೆ. "ಯಾಕೆ" ಅಂತ ಕೇಳಿದರೆ ಹತ್ತು ಗ್ರಂಥ ತಿರುವಿಹಾಕಬೇಕು. ಹಳ್ಳಿಯ ಹೆಂಡದಂಗಡಿಯವನು, ದರ್ಜಿ, ಗಾಡಿಯವನು ಎಲ್ಲಿಗೆ ಹೋಗಬೇಕು?

ಶ್ನೆಯೂರ್ ಜಲ್ಮನ್ ಅದನ್ನೆಲ್ಲ ಅರೆದು ಒಂದೇ ಓಟದ, ತಿಳಿಯಾದ ಹೀಬ್ರೂವಿನಲ್ಲಿ ಬರೆದರು. ಪ್ರತಿ ವಿಧಿಯ ಪಕ್ಕದಲ್ಲೇ ಅದರ ಕಾರಣ. ಪಂಡಿತರಿಗೆ ಬೇಕಾದ ವಾದ, ಪ್ರತಿವಾದ ಬೇರೆ ಟಿಪ್ಪಣಿಯಲ್ಲಿ. ಇದನ್ನು 'ಶುಲ್ಹಾನ್ ಅರೂಖ್ ಹರಾವ್', ಅಂದರೆ 'ರಬ್ಬಿಯ ಶುಲ್ಹಾನ್ ಅರೂಖ್' ಅನ್ನುತ್ತಾರೆ. ಕಾರಣ ಗೊತ್ತಿದ್ದರೆ ಮನುಷ್ಯ ಹೊಸ ಸಂದರ್ಭದಲ್ಲೂ ತಾನೇ ದಾರಿ ಕಂಡುಕೊಳ್ಳುತ್ತಾನೆ, ಅಲ್ವಾ? ಬರೀ ನಿಯಮ ಬಾಯಿಪಾಠ ಮಾಡಿದವನಿಗೆ ಅದು ಆಗುವುದಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಇದೇ. ದುಃಖದ ಸಂಗತಿ ಅಂದರೆ ಬರೆದದ್ದರಲ್ಲಿ ಬಹುಪಾಲು ಬೆಂಕಿಗೆ ಹೋಯಿತು. ಯಹೂದಿ ಧರ್ಮಗ್ರಂಥವಾದ ತೋರಾ ಓದಿನ ನಿಯಮಗಳು 1794ರಲ್ಲಿ ಶ್ಕ್ಲೋವ್‌ನಲ್ಲಿ ಹೆಸರಿಲ್ಲದೆ ಅಚ್ಚಾಗಿದ್ದವು. ಉಳಿದು ಸಿಕ್ಕಿದ ಭಾಗ ಹೊರಬಂದದ್ದು ಅವರು ತೀರಿಕೊಂಡ ಮೇಲೆ.

ಅವರ ಶಾಸ್ತ್ರಬುದ್ಧಿ ಎಷ್ಟು ನೆಲಕ್ಕೆ ಹತ್ತಿರ ಇತ್ತು ಅನ್ನುವುದಕ್ಕೆ ಒಂದು ಉದಾಹರಣೆ. ಪಾಸ್ಕ ಹಬ್ಬದಲ್ಲಿ ಯಹೂದಿಗಳು ಹುಳಿಬಂದ ಧಾನ್ಯದ ಪದಾರ್ಥ ತಿನ್ನುವುದು ಒತ್ತಟ್ಟಿಗಿರಲಿ, ಇಟ್ಟುಕೊಳ್ಳುವಂತೆಯೂ ಇಲ್ಲ. ಧಾನ್ಯದಿಂದ ಇಳಿಸಿದ ಮದ್ಯವೂ ಅದರಲ್ಲೇ ಬರುತ್ತದೆ. ಆ ಸೀಮೆಯಲ್ಲಿ ಜಮೀನ್ದಾರರಿಂದ ಹೆಂಡದಂಗಡಿ ಗುತ್ತಿಗೆ ಹಿಡಿದವರಲ್ಲಿ ಯಹೂದಿಗಳೇ ಜಾಸ್ತಿ. ಪೀಪಾಯಿಗಟ್ಟಲೆ ಸರಕನ್ನು ಎಲ್ಲಿ ಚೆಲ್ಲುವುದು? ಹಬ್ಬಕ್ಕೆ ಮುಂಚೆ ಯಹೂದಿಯಲ್ಲದವನಿಗೆ ಮಾರುತ್ತಿದ್ದರು. ಅವನು ಕೊಡುವುದು ಮುಂಗಡ ಮಾತ್ರ, ಬಾಕಿ ಸಾಲ. ಸರಕು ಮಾರಿದವನ ಮನೆಯಲ್ಲೇ ಇರುತ್ತದೆ. ಹಾಗಾದರೆ ಅದು ಸಾಲಕ್ಕೆ ಅಡವಿಟ್ಟ ಹಾಗಾಗಲಿಲ್ಲವೇ, ನಿಜವಾಗಿ ಮಾರಾಟ ಆಯಿತೇ? ಈ ತೊಡಕು ಬಿಡಿಸಲು ಶ್ನೆಯೂರ್ ಜಲ್ಮನ್ ಮಾರಾಟದ ಪತ್ರದಲ್ಲಿ ಮೂರನೆಯ ಒಬ್ಬ ಜಾಮೀನುದಾರನನ್ನು ತಂದರು. ಬಾಕಿ ಹಣಕ್ಕೆ ಅವನೇ ಹೊಣೆ. ಸಾಲದ ಎಳೆ ಸರಕಿನಿಂದ ಕಳಚಿತು, ಮಾರಾಟ ಗಟ್ಟಿಯಾಯಿತು. ಅಂಗಡಿಯವನು ನಿಶ್ಚಿಂತೆಯಿಂದ ಹಬ್ಬ ಮಾಡಿದ. ಇಂಥ ಜಾಮೀನಿನ ಕ್ರಮವನ್ನು ಅವರ ದಾರಿಯವರು ಈಗಲೂ ನಡೆಸುತ್ತಾರೆ.

ಈಗ ಜಗಳದ ವಿಷಯ. ನೀವು ಕೇಳಿದ್ದು ಸರಿ, ಜಗಳ ಜೋರಾಗಿಯೇ ಇತ್ತು. 1772ರಲ್ಲಿ ವಿಲ್ನಾದ ಸಮುದಾಯ ಹಸೀದಿಗಳಿಗೆ ಬಹಿಷ್ಕಾರ ಹಾಕಿತು, ಗಾವೋನ್ ಅವರ ಒಪ್ಪಿಗೆಯೊಂದಿಗೆ. ಪ್ರಾರ್ಥನೆಯ ಹೊತ್ತು ಮೀರಿಸುತ್ತಾರೆ, ಪ್ರಾರ್ಥನೆಯ ಪಾಠ ಬದಲಿಸಿದ್ದಾರೆ, ಬೇರೆ ಮಂದಿರ ಕಟ್ಟಿಕೊಳ್ಳುತ್ತಾರೆ, ಪಂಡಿತರಿಗೆ ಬೆಲೆ ಕೊಡುವುದಿಲ್ಲ ಅಂತ ದೂರುಗಳು. ಅದೇ ವರ್ಷ ಬ್ರೋಡಿ ಊರಿನ ಬಹಿಷ್ಕಾರದಲ್ಲಿ ಹಸೀದಿಗಳ ಕಸಾಯಿ ಕತ್ತಿಯನ್ನೂ ಹೆಸರಿಸಿದ್ದರು. ಕತ್ತಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಶ್ನೆಯೂರ್ ಜಲ್ಮನ್ ತಮಗಿಂತ ಹಿರಿಯರಾದ ವಿಟೆಬ್ಸ್ಕ್‌ನ ಮೆನಾಹೆಮ್ ಮೆಂಡೆಲ್ ಜೊತೆ ವಿಲ್ನಾಕ್ಕೆ ಹೋದರು, ಮುಖಾಮುಖಿ ಕೂತು ಮಾತಾಡೋಣ ಅಂತ. ಗಾವೋನ್ ಎರಡು ಬಾರಿ ಬಾಗಿಲು ಮುಚ್ಚಿದರು. ಜನ ಒತ್ತಾಯ ಮಾಡಿದಾಗ ಊರು ಬಿಟ್ಟೇ ಹೋದರು, ಇವರು ಹಿಂತಿರುಗುವ ತನಕ ಬರಲಿಲ್ಲ. ಈ ಸಂಗತಿಯನ್ನು ಶ್ನೆಯೂರ್ ಜಲ್ಮನ್ ತಾವೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಅದರಲ್ಲಿ ಕಹಿ ಇಲ್ಲ. ಗಾವೋನ್ ಅವರ ವಿದ್ವತ್ತಿಗೆ ಗೌರವ ಕೊಟ್ಟೇ ಬರೆಯುತ್ತಾರೆ.

1777ರಲ್ಲಿ ಮೆನಾಹೆಮ್ ಮೆಂಡೆಲ್ ಸುಮಾರು 300 ಜನರ ಗುಂಪಿನೊಂದಿಗೆ ಪವಿತ್ರ ಭೂಮಿಗೆ, ಅಂದರೆ ಈಗಿನ ಇಸ್ರೇಲ್ ಇರುವ ಕಡೆಗೆ, ಹೊರಟುಹೋದರು. ಬಿಟ್ಟುಹೋದ ಊರುಗಳ ಹಸೀದಿಗಳ ಭಾರ ನಿಧಾನವಾಗಿ ಇವರ ಹೆಗಲಿಗೆ ಬಿತ್ತು. ಜನ ಹಿಂಡುಹಿಂಡಾಗಿ ಲಿಯೋಜ್ನಾಕ್ಕೆ ಬರತೊಡಗಿದರು. ಎಷ್ಟು ಜನ ಅಂದರೆ, ಯಾರು ಯಾವಾಗ ಬರಬಹುದು ಅಂತ ನಿಯಮವನ್ನೇ ಮಾಡಬೇಕಾಯಿತು. ಹೊಸಬರಿಗೆ ಮೊದಲ ಆದ್ಯತೆ, ಹಳಬರು ಅಪರೂಪಕ್ಕೆ ಬಂದರೆ ಸಾಕು.

ಇನ್ನೂ ಒಂದು ಪತ್ರ ನನಗೆ ಬಹಳ ಇಷ್ಟ. ವ್ಯಾಪಾರ ಏನಾಗುತ್ತದೆ, ಮನೆ ಕಷ್ಟಕ್ಕೆ ಪರಿಹಾರ ಏನು ಅಂತ ಕೇಳಲು ಬರುವವರಿಗೆ ಬರೆದದ್ದು. ಲೋಕದ ವ್ಯವಹಾರಕ್ಕೆ ಏನು ಮಾಡಬೇಕು ಅಂತ ಜ್ಞಾನಿಗಳನ್ನು ಕೇಳುವ ಪದ್ಧತಿ ನಮ್ಮ ಹಳೆಯ ಯಾವ ಗ್ರಂಥದಲ್ಲಿದೆ ಅಂತ ನೇರವಾಗಿ ಕೇಳುತ್ತಾರೆ. ಎಷ್ಟೋ ಹಸೀದಿ ಗುರುಗಳ ಮನೆ ಮುಂದೆ ತಾಯಿತ, ಆಶೀರ್ವಾದ, ಪವಾಡಕ್ಕಾಗಿ ಜನ ನಿಂತಿದ್ದ ಕಾಲ ಅದು. ಇವರು "ನನ್ನ ಹತ್ತಿರ ದೇವರ ಸೇವೆ ಹೇಗೆ ಅಂತ ಕೇಳಿ" ಅಂದರು. ಬಂದವರಿಗೆ ಬೇಸರ ಆಗಿರಬಹುದು. ಆದರೆ ಅಂಥ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಮುಂದೆ ಒಂದು ಪುಸ್ತಕ ಆದವು.

ಆ ಪುಸ್ತಕ 'ತಾನ್ಯ'. 1796ರ ಕೊನೆಗೆ ಸ್ಲಾವೂತಾದಲ್ಲಿ ಅಚ್ಚಾಯಿತು. ಮೊದಲ ಮುದ್ರಣದಲ್ಲಿ ಅವರ ಹೆಸರಿಲ್ಲ. ಮುನ್ನುಡಿಯಲ್ಲಿ ಕಾರಣ ಕೊಟ್ಟಿದ್ದಾರೆ: ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳಲು ಹೊತ್ತಿಲ್ಲ. ಬರೆದುಕೊಟ್ಟದ್ದನ್ನು ಜನ ಕೈಬರಹದಲ್ಲಿ ನಕಲು ಮಾಡಿ ಮಾಡಿ ತಪ್ಪುಗಳು ಸೇರಿಕೊಂಡಿವೆ. ಅದಕ್ಕೇ ಅಚ್ಚು. ಮೊದಲ ಭಾಗದಲ್ಲಿ 53 ಅಧ್ಯಾಯಗಳು.

ಆರಂಭವೇ ಒಂದು ತೊಡಕಿನಿಂದ. ತಾಲ್ಮುಡ್ ಹೇಳುತ್ತದೆ: ಹುಟ್ಟುವ ಮುಂಚೆ ಪ್ರತಿ ಜೀವದಿಂದ ಒಂದು ಆಣೆ ಮಾಡಿಸುತ್ತಾರೆ. ಒಳ್ಳೆಯವನಾಗಿರು, ಕೆಟ್ಟವನಾಗಬೇಡ. ಲೋಕವೆಲ್ಲ ನೀನು ಒಳ್ಳೆಯವನು ಅಂದರೂ ನಿನ್ನ ಕಣ್ಣಿಗೆ ನೀನು ಕೆಟ್ಟವನ ಹಾಗೇ ಇರು. ಶ್ನೆಯೂರ್ ಜಲ್ಮನ್ ತಕ್ಷಣ ತಡೆಯುತ್ತಾರೆ. ತಾನು ಕೆಟ್ಟವನು ಅಂದುಕೊಂಡವನು ಕೊರಗುತ್ತಾನೆ. ಕೊರಗುವವನು ದೇವರನ್ನು ಸಂತೋಷದಿಂದ ಹೇಗೆ ಸೇವಿಸುತ್ತಾನೆ? ಕೊರಗಲಿಲ್ಲ ಅಂದರೆ ಉಡಾಫೆ ಬಂದೀತು. ಹಾಗಾದರೆ ಏನು ಮಾಡುವುದು?

ಉತ್ತರವಾಗಿ ಅವರು ಒಬ್ಬ ಮನುಷ್ಯನನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ. ಹೀಬ್ರೂವಿನಲ್ಲಿ 'ಬೇನೋನಿ', ಅಂದರೆ ನಡುವಿನವನು. ಅವನು ಸಂತನೂ ಅಲ್ಲ, ದುಷ್ಟನೂ ಅಲ್ಲ. ಅವನೊಳಗೆ ಕೆಟ್ಟ ಆಸೆ ಸತ್ತಿಲ್ಲ, ಮೊದಲು ಎಷ್ಟಿತ್ತೋ ಅಷ್ಟೇ ಬಲವಾಗಿದೆ. ಆದರೆ ಅದು ಅವನ ಕೆಲಸಕ್ಕೆ, ಮಾತಿಗೆ, ಬೇಕೆಂದು ಮಾಡುವ ಯೋಚನೆಗೆ ಇಳಿಯದಂತೆ ನೋಡಿಕೊಳ್ಳುತ್ತಾನೆ. ಸಣ್ಣ ಊರೊಂದಕ್ಕಾಗಿ ಇಬ್ಬರು ರಾಜರು ಕಾದಾಡುವ ಹಾಗೆ ಅವನ ಮೈಗಾಗಿ ಎರಡು ಜೀವಗಳು, ಒಂದು ದೇವರ ಕಡೆ ಎಳೆಯುವುದು, ಇನ್ನೊಂದು ಆಸೆಯ ಕಡೆ ಎಳೆಯುವುದು, ಕಾದಾಡುತ್ತವೆ. ಇಬ್ಬರು ಜಟ್ಟಿಗಳ ಕುಸ್ತಿಯ ಹೋಲಿಕೆಯನ್ನೂ ಕೊಡುತ್ತಾರೆ: ಎಷ್ಟೇ ಬಲಶಾಲಿ ಆಗಿರಲಿ, ಸೋಮಾರಿತನದಲ್ಲಿ, ಜೋಲುಮುಖದಲ್ಲಿ ಅಖಾಡಕ್ಕಿಳಿದವನು ತನಗಿಂತ ಬಲ ಕಡಿಮೆ ಇರುವವನ ಕೈಲೂ ಮಣ್ಣು ಮುಕ್ಕುತ್ತಾನೆ. ಹಾಗಾಗಿ ದುಃಖ ಅವರಿಗೆ ಪುಣ್ಯದ ಲಕ್ಷಣವಲ್ಲ, ಸೋಲಿನ ದಾರಿ. ಕೆಟ್ಟ ಯೋಚನೆ ಬಂತು ಅಂತ ಅಳಬೇಡ, ಬಂದದ್ದನ್ನು ತಳ್ಳಿದೆಯಲ್ಲ, ಅದಕ್ಕೆ ಖುಷಿಪಡು ಅನ್ನುತ್ತಾರೆ 27ನೇ ಅಧ್ಯಾಯದಲ್ಲಿ. ನಾನು ಈ ಅಧ್ಯಾಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಬೆನ್ನ ಮೇಲೆ ಯಾರೋ ಕೈಯಿಟ್ಟ ಹಾಗೆ ಆಗುತ್ತದೆ.

ಈಗ ಶಾಸ್ತ್ರಗ್ರಂಥವನ್ನೂ ತಾನ್ಯವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅವರ ಕಣ್ಣೆದುರು ಇರುವವನು ಒಬ್ಬನೇ, ನಡುವಿನ ಮನುಷ್ಯ. ಎರಡರಲ್ಲೂ ಅವನಿಗೆ ಕೊಡುವುದು ಒಂದೇ, ಕಾರಣ. ಭಾವನೆ ತಾನಾಗಿ ಉಕ್ಕಲಿ ಅಂತ ಕಾಯಬೇಡ, ತಲೆಗೆ ಕೆಲಸ ಕೊಡು, ಯೋಚಿಸಿ ಯೋಚಿಸಿ ಹೃದಯವನ್ನು ಎಬ್ಬಿಸು ಅನ್ನುವುದು ಅವರ ದಾರಿ. ಚಬಾದ್ ಅನ್ನುವ ಹೆಸರೂ ಹಾಗೇ ಬಂದದ್ದು. ಹೀಬ್ರೂವಿನ ಹೊಖ್ಮಾ, ಬಿನಾ, ದಾಅತ್ ಎಂಬ ಮೂರು ಪದಗಳ ಮೊದಲಕ್ಷರಗಳು. ಹೊಳಹು, ಅದನ್ನು ಬಿಡಿಸಿ ತಿಳಿಯುವುದು, ತಿಳಿದದ್ದರಲ್ಲಿ ನೆಲೆ ನಿಲ್ಲುವುದು ಅಂತ ಹೇಳಬಹುದು.

ಇದು ಹಸೀದಿಗಳಿಗೆಲ್ಲ ಹಿಡಿಸಲಿಲ್ಲ. ಮಗ್ಗಿದ್ ಬಳಿ ಜೊತೆಗೇ ಕಲಿತಿದ್ದ ಕಾಲಿಸ್ಕ್‌ನ ಅವ್ರಹಾಂ ಪವಿತ್ರ ಭೂಮಿಯ ತಿಬೇರಿಯಸ್ ಊರಿನಿಂದ ಕಟುವಾಗಿ ಆಕ್ಷೇಪಿಸಿದರು. ಸಾಮಾನ್ಯ ಜನಕ್ಕೆ ಸರಳ ನಂಬಿಕೆ ಸಾಕು, ಇಷ್ಟೊಂದು ಗಹನ ವಿಚಾರ ಯಾಕೆ ಅಂತ. ಹಳೆಯ ಗೆಳೆತನ ಮುರಿದುಬಿತ್ತು. ಶ್ನೆಯೂರ್ ಜಲ್ಮನ್ ಜಗ್ಗಲಿಲ್ಲ. ಸಾಮಾನ್ಯ ಮನುಷ್ಯನಿಗೆ ಯೋಚಿಸುವ ಶಕ್ತಿ ಇದೆ ಅಂತ ನಂಬಿದವರು ಅವರು. ಈ ವಿಷಯದಲ್ಲಿ ನಾನು ಪೂರ್ತಿ ಅವರ ಪಕ್ಷ.

1798ರ ಶರತ್ಕಾಲದಲ್ಲಿ ಅವರನ್ನು ಬಂಧಿಸಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಒಯ್ದರು. ಎದುರಾಳಿಗಳೇ ಕೊಟ್ಟ ದೂರು. ಪವಿತ್ರ ಭೂಮಿಯ ಬಡ ಯಹೂದಿಗಳಿಗೆ ಇವರು ವರ್ಷವರ್ಷ ಹಣ ಕಳಿಸುತ್ತಿದ್ದರು. ಆ ನೆಲ ಆಗ ತುರ್ಕಿಯ ಸುಲ್ತಾನನ ಕೈಯಲ್ಲಿತ್ತು. ಹಾಗಾಗಿ ರಾಜದ್ರೋಹದ ಬಣ್ಣ ಬಂತು. ಕೇಳಿದ ಪ್ರಶ್ನೆಗಳಿಗೆಲ್ಲ ಹೀಬ್ರೂವಿನಲ್ಲಿ ಉತ್ತರ ಬರೆದುಕೊಟ್ಟರು. ಹೀಬ್ರೂ ಪಂಚಾಂಗದ ಕಿಸ್ಲೇವ್ ತಿಂಗಳ 19ಕ್ಕೆ ಬಿಡುಗಡೆ. ಹೊರಗೆ ಬಂದ ಕೂಡಲೇ ಅನುಯಾಯಿಗಳಿಗೆ ಪತ್ರ ಬರೆದರು. ಬೈಬಲ್ಲಿನ ಯಾಕೋಬನ ಮಾತು ಅದರ ಮೊದಲಲ್ಲಿದೆ: "ನಾನು ಚಿಕ್ಕವನಾದೆ." ದೇವರು ಕರುಣೆ ತೋರಿದಷ್ಟೂ ಮನುಷ್ಯ ಬಾಗಬೇಕು. ಎದುರಾಳಿಗಳ ಮುಂದೆ ಬೀಗಬೇಡಿ, ಹಂಗಿಸಬೇಡಿ, ಒಂದು ಮಾತೂ ಆಡಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದರು. ತಮ್ಮನ್ನು ಸೆರೆಗೆ ಕಳಿಸಿದವರ ಬಗ್ಗೆ! 1800ರಲ್ಲಿ ಮತ್ತೊಮ್ಮೆ ರಾಜಧಾನಿಗೆ ಕರೆಸಿಕೊಂಡರು. ಅಲೆಕ್ಸಾಂಡರ್ ರಷ್ಯಾದ ತ್ಸಾರ್, ಅಂದರೆ ಚಕ್ರವರ್ತಿ, ಆಗಿ ಪಟ್ಟಕ್ಕೆ ಬಂದ ಮೇಲೆ 1801ರಲ್ಲಿ ಬಿಟ್ಟರು. ಆಮೇಲೆ ಅವರು ನೆಲೆಸಿದ್ದು ಲಿಯಾದಿ ಊರಿನಲ್ಲಿ.

1803ರಲ್ಲಿ ಅವರ ಪ್ರಾರ್ಥನಾ ಪುಸ್ತಕ ಬಂತು. ಶಾಸ್ತ್ರಗ್ರಂಥದಲ್ಲಿ ಹೇಳಿದ್ದ ಕೆಲವು ತೀರ್ಪುಗಳನ್ನು ಅದರಲ್ಲಿ ತಾವೇ ಬದಲಿಸಿದ್ದಾರೆ. ಅವರ ಕಡೆಯವರು ಇಂಥ ಕಡೆ ಪ್ರಾರ್ಥನಾ ಪುಸ್ತಕದ ಮಾತನ್ನೇ ಹಿಡಿಯುತ್ತಾರೆ, ಅದು ಆಮೇಲಿನದು ಅಂತ.

1812ರಲ್ಲಿ ನೆಪೋಲಿಯನ್ ಬೊನಪಾರ್ಟೆ ರಷ್ಯಾದ ಮೇಲೆ ದಂಡೆತ್ತಿ ಬಂದ. ಅವನ ಹಿಂದೆ ಯಹೂದಿಗಳಿಗೆ ಸಮಾನ ಹಕ್ಕು ಬರುತ್ತದೆ ಅಂತ ಬಹಳ ಜನರ ಆಸೆ. ಇವರು ತ್ಸಾರನ ಪಕ್ಷ ಹಿಡಿದರು. ಬೊನಪಾರ್ಟೆ ಗೆದ್ದರೆ ನಮ್ಮವರ ಐಶ್ವರ್ಯ ಏರುತ್ತದೆ, ಹೃದಯ ದೇವರಿಂದ ದೂರವಾಗುತ್ತದೆ. ಅಲೆಕ್ಸಾಂಡರ್ ಗೆದ್ದರೆ ಬಡತನ ಉಳಿಯುತ್ತದೆ, ಹೃದಯ ದೇವರಲ್ಲಿ ನಿಲ್ಲುತ್ತದೆ ಅನ್ನುವ ಅರ್ಥದ ಪತ್ರ ಅವರದೆಂದು ಉಳಿದುಬಂದಿದೆ. ಇಲ್ಲಿ ಅವರನ್ನು ಒಪ್ಪುವುದು ನನಗೆ ಕಷ್ಟ. ತ್ಸಾರರ ಆಳ್ವಿಕೆಯಲ್ಲಿ ಯಹೂದಿಗಳು ಮುಂದೆ ಪಟ್ಟ ಪಾಡು ಸಣ್ಣದಲ್ಲ. ಆದರೆ ಮಾತಿನ ಬೆಲೆಯನ್ನು ಅವರು ತಾವೇ ತೆತ್ತರು. ಫ್ರೆಂಚ್ ಸೈನ್ಯ ಹತ್ತಿರ ಬಂದಾಗ ಲಿಯಾದಿ ಬಿಟ್ಟು ಮನೆಮಂದಿಯೊಂದಿಗೆ ಗಾಡಿಗಳಲ್ಲಿ ಹೊರಟರು. ರಷ್ಯಾದ ಚಳಿ, ತಿಂಗಳುಗಟ್ಟಲೆ ದಾರಿ, 67ರ ವಯಸ್ಸು. ಕುರ್ಸ್ಕ್ ಸೀಮೆಯ ಪೇನಾ ಎಂಬ ಹಳ್ಳಿಯಲ್ಲಿ ಡಿಸೆಂಬರ್ ಕೊನೆಯಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಈಗಿನ ಉಕ್ರೇನಿನ ಹಾದ್ಯಾಚ್‌ನಲ್ಲಿ.

ಮುಂದೆ ಮಗ ದೋವ್ ಬೇರ್ ಲ್ಯುಬಾವಿಚಿಗೆ ಬಂದು ನೆಲೆಸಿದರು. ಚಬಾದ್ ಪಂಥಕ್ಕೆ ಲುಬಾವಿಚ್ ಅನ್ನುವ ಇನ್ನೊಂದು ಹೆಸರು ಬಂದದ್ದು ಅಲ್ಲಿಂದ. ಮೊಮ್ಮಗ ಮೆನಾಹೆಮ್ ಮೆಂಡೆಲ್ ಮೂರನೆಯ ಗುರು, ಅವರೂ ದೊಡ್ಡ ಶಾಸ್ತ್ರಜ್ಞರು. ಆರನೆಯವರು 1940ರಲ್ಲಿ ಯುದ್ಧದಿಂದ ಪಾರಾಗಿ ನ್ಯೂಯಾರ್ಕ್ ಸೇರಿದರು. ಏಳನೆಯವರಾದ ಮೆನಾಹೆಮ್ ಮೆಂಡೆಲ್ ಶ್ನೇಯರ್ಸನ್, 1994ರಲ್ಲಿ ತೀರಿಕೊಂಡವರು, ಜಗತ್ತಿನ ಮೂಲೆಮೂಲೆಗೆ ಗಂಡಹೆಂಡಿರನ್ನು ಕಳಿಸುವ ಪದ್ಧತಿಯನ್ನು ಬೆಳೆಸಿದರು. ಯಹೂದಿ ಪ್ರಯಾಣಿಕ ಎಲ್ಲೇ ಇರಲಿ, ಒಂದು ಸಬ್ಬತ್ (ವಾರದ ಪವಿತ್ರ ವಿಶ್ರಾಂತಿ ದಿನದ) ಊಟ, ಒಂದು ಪ್ರಾರ್ಥನೆ ಸಿಗಬೇಕು ಅಂತ. ಮುಂಬೈನ ಕೊಲಾಬಾದಲ್ಲಿ ಮನೆ ತೆರೆದಿದ್ದ ಗಾವ್ರಿಯೆಲ್ ಮತ್ತು ರಿವ್ಕಾ ಹೋಲ್ಟ್ಸ್‌ಬರ್ಗ್ ಹಾಗೆ ಬಂದವರು. ನವೆಂಬರ್ 26ರ ದಾಳಿಯಲ್ಲಿ ಇಬ್ಬರೂ ಹತರಾದರು. ಅವರ ಪುಟ್ಟ ಮಗನನ್ನು ಎತ್ತಿಕೊಂಡು ಓಡಿ ಉಳಿಸಿದವರು ಮನೆಯ ದಾದಿ ಸಾಂಡ್ರಾ ಸ್ಯಾಮ್ಯುಯೆಲ್. ಬಾಣಂತಿಗೆ ಸಾರು ಕಾಯಿಸಿದ ಕಥೆಯನ್ನೂ ಕೊಲಾಬಾದ ಆ ಊಟದ ಮೇಜನ್ನೂ ನಾನು ಬೇರೆಬೇರೆಯಾಗಿ ನೋಡಲಾರೆ.

ಅವರ ಶಾಸ್ತ್ರ ಪಂಥದ ಬೇಲಿ ದಾಟಿದೆ. 1864ರಲ್ಲಿ ಹಂಗೇರಿಯ ಶ್ಲೋಮೋ ಗಾಂಟ್ಸ್‌ಫ್ರೀಡ್ ಬರೆದ ಸಂಕ್ಷಿಪ್ತ ಶುಲ್ಹಾನ್ ಅರೂಖ್ ಮನೆಮನೆಯ ಪುಸ್ತಕ. ಅದು ಆಧಾರವಾಗಿ ಹಿಡಿದ ಮೂವರಲ್ಲಿ ಶ್ನೆಯೂರ್ ಜಲ್ಮನ್ ಒಬ್ಬರು. ಹಸೀದಿಗಳನ್ನು ವಿರೋಧಿಸಿದ ಲಿಥುವೇನಿಯಾದ ಸಂಪ್ರದಾಯದಿಂದಲೇ ಬಂದ ಇಸ್ರಾಯೆಲ್ ಮೇಯರ್ ಕಾಗನ್ ತಮ್ಮ ಶಾಸ್ತ್ರಗ್ರಂಥ 'ಮಿಶ್ನಾ ಬ್ರೂರಾ'ದಲ್ಲಿ ಇವರ ತೀರ್ಪುಗಳನ್ನು ಮತ್ತೆ ಮತ್ತೆ ತರುತ್ತಾರೆ.

ಇನ್ನು ಆ ಕತ್ತಿ. ಯಹೂದಿ ಶಾಸ್ತ್ರದಲ್ಲಿ ಪ್ರಾಣಿಯ ಕೊರಳು ಕೊಯ್ಯುವ ಕತ್ತಿಗೆ ಕೂದಲೆಳೆಯಷ್ಟೂ ಮುಕ್ಕು ಇರಬಾರದು. ಮುಕ್ಕಿದ್ದರೆ ಮಾಂಸ ಉಣ್ಣುವಂತಿಲ್ಲ. ಆಗ ಬಳಕೆಯಲ್ಲಿದ್ದದ್ದು ಕಬ್ಬಿಣ ಬಡಿದು ಮಾಡಿದ ದಪ್ಪ ಕತ್ತಿ. ಅದನ್ನು ಹರಿತ ಮಾಡಿದರೆ ನುಣುಪು ಹೋಗುತ್ತದೆ, ನುಣುಪು ಮಾಡಿದರೆ ಹರಿತ ಹೋಗುತ್ತದೆ. ಹಸೀದಿಗಳು ತೆಳುವಾಗಿ ಸಾಣೆ ಹಿಡಿದ ಕತ್ತಿ ತಂದರು. ತೆಳು ಅಲಗು ಬೇಗ ಮುಕ್ಕಾಗುತ್ತದೆ, ಹಿರಿಯರ ರೂಢಿ ಬಿಟ್ಟಿರಿ ಅಂತ ಎದುರಾಳಿಗಳು ಕೂಗಿದರು. ಹಣದ ವಿಷಯವೂ ಇತ್ತು. ಮಾಂಸದ ಮೇಲಿನ ತೆರಿಗೆ ಸಮುದಾಯದ ಆದಾಯ, ಹಸೀದಿಗಳು ಬೇರೆ ಕಡೆ ಕೊಯ್ಸಿದರೆ ಅದಕ್ಕೆ ಹೊಡೆತ. ಶ್ನೆಯೂರ್ ಜಲ್ಮನ್ ಇದಕ್ಕೆ ಶಾಸ್ತ್ರದ ಉತ್ತರ ಬರೆದರು. ಹರಿತ ಮತ್ತು ನುಣುಪು ಎರಡೂ ಒಟ್ಟಿಗೆ ಸಿಗುವುದು ಸಾಣೆಯ ಕತ್ತಿಯಲ್ಲೇ, ಹಾಗಾಗಿ ಇದು ಬಿಗಿಯೇ ಹೊರತು ಸಡಿಲ ಅಲ್ಲ ಅಂತ ತೋರಿಸಿದರು.

ಇವತ್ತು ಯಾವ ಊರಿನ ಕೋಷರ್ (ಯಹೂದಿ ಶಾಸ್ತ್ರದಂತೆ ಕೊಯ್ಯುವ) ಕಸಾಯಿಯನ್ನೇ ನೋಡಿ, ಹಸೀದಿಯಾಗಲಿ, ಅವರ ಎದುರು ಪಕ್ಷದ ಮನೆತನದವನಾಗಲಿ. ಕೆಲಸಕ್ಕೆ ಮುಂಚೆ ಅಲಗನ್ನು ಬೆರಳಿನ ಚರ್ಮದ ಮೇಲೆ, ಆಮೇಲೆ ಉಗುರಿನ ಮೇಲೆ ಮೆಲ್ಲಗೆ ಎಳೆಯುತ್ತಾನೆ. ಅಂಚು, ಆ ಬದಿ, ಈ ಬದಿ, ಹೋಗುತ್ತ ಬರುತ್ತ ಒಟ್ಟು 12 ಸಲ. ಉಸಿರು ಬಿಗಿಹಿಡಿದು, ಉಗುರಿಗೆ ಎಲ್ಲಾದರೂ ತಡೆಯುತ್ತದಾ ಅಂತ. ಅವನ ಕೈಯಲ್ಲಿರುವುದು ಸಾಣೆ ಹಿಡಿದ ಆ ತೆಳು ಕತ್ತಿಯೇ.